ಅಂತರರಾಷ್ಟ್ರೀಯ ವ್ಯವಹಾರಗಳಲ್ಲಿ ಸಂಶೋಧನಾ ಫೆಲೋಶಿಪ್: ವಿಜಯಪುರ ಜಿಲ್ಲೆಯಿಂದ ಅರ್ಜಿ ಹಾಕುವುದು ಹೇಗೆ?

ಇಂಡಿ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯಶಾಸ್ತ್ರದಲ್ಲಿ ಎಂಎ ಮುಗಿಸಿದ್ದೇನೆ. ಡಿಗ್ರಿವರೆಗೂ ಕನ್ನಡ ಮಾಧ್ಯಮ. ಅಂತರರಾಷ್ಟ್ರೀಯ ಸಂಬಂಧಗಳ ಪೇಪರ್ ಅಂದ್ರೆ ಮೊದಲಿನಿಂದ ಇಷ್ಟ. ಅದರಲ್ಲೇ ಪಿಎಚ್‌ಡಿ ಮಾಡಬೇಕು ಅನ್ನುವ ಆಸೆ. ಮನೆಯಲ್ಲಿ ದುಡ್ಡು ಕೇಳುವ ಪರಿಸ್ಥಿತಿ ಇಲ್ಲ, ಹಾಗಾಗಿ ಫೆಲೋಶಿಪ್ ಸಿಕ್ಕರೆ ಮಾತ್ರ ಮುಂದಿನ ಓದು. ಹುಡುಕಿದರೆ ಜೆಆರ್‌ಎಫ್, ಐಸಿಎಸ್‌ಎಸ್‌ಆರ್, ಫುಲ್‌ಬ್ರೈಟ್ ಅಂತ ಹೆಸರುಗಳ ಮೇಲೆ ಹೆಸರು ಬರುತ್ತವೆ. ಯಾವುದು ನನಗೆ, ಯಾವುದು ಅಲ್ಲ ಅಂತ ಗೊತ್ತಾಗುತ್ತಿಲ್ಲ. 'ಬದಲಾಗುತ್ತಿರುವ ಜಗತ್ತಿನಲ್ಲಿ ಭಾರತ ಮತ್ತು ಚೀನಾ ಸಂಬಂಧ' ಅನ್ನುವ ವಿಷಯ ಇಟ್ಟುಕೊಂಡಿದ್ದೇನೆ. ಇದರ ಮೇಲೆ ಪ್ರಪೋಸಲ್ ಬರೆದರೆ ನಡೆಯುತ್ತಾ? ನನ್ನ ಇಂಗ್ಲಿಷ್ ಓದುವುದಕ್ಕೆ ಸಾಕು. ಬರೆಯುವುದಕ್ಕೆ ಧೈರ್ಯ ಸಾಲದು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಭೂತರಾಮನಹಟ್ಟಿ ಸ್ಕಾಲರ್

ಅಕ್ಕ, ಮೊದಲು ಹೆಸರುಗಳ ಗೊಂದಲ ತೀರಲಿ. ನೀವು ಬರೆದ ಮೂರೂ ಬೇರೆ ಬೇರೆ ಹಂತದವು.

ನಿಮಗೆ ಈಗ ಬೇಕಾದದ್ದು ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಗಳಿಸಬೇಕು. ಜೂನ್ ಮತ್ತು ಡಿಸೆಂಬರ್ ಸುತ್ತು ಅಂತ ವರ್ಷಕ್ಕೆ ಎರಡು ಸಲ ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುತ್ತದೆ. ಎಂಎಯಲ್ಲಿ ಶೇ 55 ಅಂಕ ಬೇಕು, ಮೀಸಲಾತಿ ವರ್ಗದವರಿಗೆ ಶೇ 50 ಸಾಕು. ವಯೋಮಿತಿ 30 ವರ್ಷ. ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ, ಯಾವ ವರ್ಗದವರಾದರೂ ಸರಿ. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್ ಸಿಕ್ಕ ಪತ್ರ ಕೈಗೆ ಬಂದ ಮೇಲೆ ಪಿಎಚ್‌ಡಿಗೆ ಸೇರಲು ಮೂರು ವರ್ಷ ಸಮಯ ಇರುತ್ತದೆ. ಅಂದರೆ ಗಡಿಬಿಡಿಯಲ್ಲಿ ಸಿಕ್ಕ ಕಡೆ ಸೇರಬೇಕಿಲ್ಲ, ಒಳ್ಳೆಯ ಗೈಡ್ ಹುಡುಕಬಹುದು.

ಪರೀಕ್ಷೆಯಲ್ಲಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಒಂದನ್ನೂ ಬಿಡಬೇಡಿ. ರಾಜ್ಯಶಾಸ್ತ್ರದ ಪಠ್ಯಕ್ರಮದಲ್ಲೇ ಅಂತರರಾಷ್ಟ್ರೀಯ ಸಂಬಂಧಗಳಿಗೆ ಒಂದು ಘಟಕ, ಭಾರತದ ವಿದೇಶಾಂಗ ನೀತಿಗೆ ಇನ್ನೊಂದು ಘಟಕ ಇದೆ. ನಿಮ್ಮ ಇಷ್ಟದ ಭಾಗ ಅಲ್ಲೇ ಸಿಗುತ್ತದೆ.

ನಮ್ಮ ಕಡೆ ಬಹಳ ಜನ ಕೆ-ಸೆಟ್ ಮತ್ತು ನೆಟ್ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕೆ-ಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ ನಿಜ. ಆದರೆ ಅದು ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಅಷ್ಟೇ, ಅದರಿಂದ ಫೆಲೋಶಿಪ್ ಹಣ ಬರುವುದಿಲ್ಲ. ನೆಟ್ ರಾಜ್ಯಶಾಸ್ತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದವರಿಗೆ ಇದು ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅದು ಬದಲಾಗುವವರೆಗೆ ಕಾಯುತ್ತಾ ಕೂರಬೇಡಿ.

ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟೋರಲ್ ಫೆಲೋಶಿಪ್ ಪಿಎಚ್‌ಡಿಗೆ ಆಗಲೇ ನೋಂದಣಿ ಆದವರಿಗೆ. ಫುಲ್‌ಬ್ರೈಟ್-ನೆಹರೂ ಡಾಕ್ಟೋರಲ್ ಕೂಡ ಹಾಗೇ. ಇಲ್ಲಿ ಪಿಎಚ್‌ಡಿ ಮಾಡುತ್ತಿರುವವರು 6ರಿಂದ 9 ತಿಂಗಳು ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕೂತು ಕೆಲಸ ಮಾಡಿ ಬರಲು ಇರುವ ಅವಕಾಶ ಅದು. ಅವೆರಡನ್ನೂ ಸದ್ಯ ಪಕ್ಕಕ್ಕಿಡಿ.

ಜಮಖಂಡಿಯ ಓದುಗ

ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಮೌಲಾನಾ ಆಜಾದ್ ಫೆಲೋಶಿಪ್ ಇತ್ತಲ್ವಾ? ನನ್ನ ತಂಗಿಗೆ ಕೇಳುತ್ತಿದ್ದೇನೆ.

ಭೂತರಾಮನಹಟ್ಟಿ ಸ್ಕಾಲರ್

ಅದನ್ನು 2022–23ರಿಂದ ನಿಲ್ಲಿಸಿದ್ದಾರೆ. ಹೊಸಬರಿಗೆ ಇಲ್ಲ. ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮಕ್ಕಳಿಗೆ ಅದು ಆಸರೆ ಆಗಬಹುದಿತ್ತು, ಬಹಳ ಬೇಸರ ಆಗುತ್ತದೆ. ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದರೆ ಒಬಿಸಿ ರಾಷ್ಟ್ರೀಯ ಫೆಲೋಶಿಪ್ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೂ ಬೇರೆ ಬೇರೆ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಅಣ್ಣ, ತಮ್ಮ, ಅಕ್ಕ, ತಂಗಿ ಯಾರೂ ಇಲ್ಲದೆ ತಂದೆ ತಾಯಿಗೆ ಒಬ್ಬಳೇ ಮಗಳಾಗಿದ್ದರೆ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ನಿಮ್ಮ ತಂಗಿಗೆ ನೀವಿರುವುದರಿಂದ ನಿಮ್ಮ ಮನೆಗೆ ಅದು ಬರುವುದಿಲ್ಲ, ಬೇರೆ ಯಾರಿಗಾದರೂ ಉಪಯೋಗವಾಗಲಿ ಅಂತ ಬರೆದೆ.

ಗೋಕಾಕದ ಉಪನ್ಯಾಸಕ

ಇಂಡಿ ಓದುಗಿ ಅವರೇ, ನಿಮ್ಮ ವಿಷಯದ ಬಗ್ಗೆ ಯಾರೂ ಮಾತಾಡಲಿಲ್ಲ. ನೇರವಾಗಿ ಹೇಳುತ್ತೇನೆ, ನೋವು ಮಾಡಿಕೊಳ್ಳಬೇಡಿ. 'ಬದಲಾಗುತ್ತಿರುವ ಜಗತ್ತಿನಲ್ಲಿ ಭಾರತ ಮತ್ತು ಚೀನಾ ಸಂಬಂಧ' ಅನ್ನುವುದರಲ್ಲಿ ಪ್ರಶ್ನೆಯೇ ಇಲ್ಲ. ಅದು ಪಠ್ಯಪುಸ್ತಕದ ಅಧ್ಯಾಯದ ಹೆಸರು. ಆಯ್ಕೆ ಸಮಿತಿಯವರು ಇಂಥ ಶೀರ್ಷಿಕೆಗಳನ್ನು ಪ್ರತಿ ವರ್ಷ ರಾಶಿಗಟ್ಟಲೆ ನೋಡುತ್ತಾರೆ. ಅವರಿಗೆ ಬೇಕಾದದ್ದು ಮೂರು ಮಾತು. ನಿನಗೆ ಏನು ಗೊತ್ತಾಗಬೇಕಿದೆ? ಅದನ್ನು ಈವರೆಗೆ ಯಾರು ಎಷ್ಟು ಹೇಳಿದ್ದಾರೆ? ಉತ್ತರಕ್ಕೆ ಬೇಕಾದ ದಾಖಲೆ ನಿನ್ನ ಕೈಗೆ ಸಿಗುತ್ತದಾ?

ಮೂರನೆಯದರಲ್ಲೇ ಜಾಸ್ತಿ ಜನ ಎಡವುವುದು. ಚೀನಾ ನೀತಿ ಬಗ್ಗೆ ಬರೆಯುತ್ತೇನೆ ಅಂದರೆ ಚೀನೀ ಭಾಷೆ ಬರುತ್ತಾ ಅಂತ ಮೊದಲ ಪ್ರಶ್ನೆ ಬೀಳುತ್ತದೆ.

ನಮ್ಮ ಸುತ್ತ ಒಮ್ಮೆ ನೋಡಿ. ಬೆಳಗಾವಿ ಜಿಲ್ಲೆಯ ಕಬ್ಬಿನ ದರ ಜಿನೀವಾದಲ್ಲಿ ವಾದ ವಿವಾದ ಆಗಿದೆ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಭಾರತ ಕಬ್ಬಿಗೆ ಕೊಡುವ ಬೆಂಬಲ ಮಿತಿ ಮೀರಿದೆ ಅನ್ನುವುದು ದೂರು. ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ದರ) ಹಣವನ್ನು ಕೊಡುವುದು ಕಾರ್ಖಾನೆ, ಸರ್ಕಾರ ಅಲ್ಲ, ಹಾಗಾಗಿ ಅದು ಸರ್ಕಾರದ ಬೆಂಬಲ ಹೇಗಾಗುತ್ತದೆ ಅಂತ ಭಾರತ ವಾದಿಸಿತು. 2021ರ ಡಿಸೆಂಬರ್‌ನಲ್ಲಿ ಆ ಸಂಸ್ಥೆಯ ವಿಚಾರಣಾ ಸಮಿತಿ ಆ ವಾದ ಒಪ್ಪಲಿಲ್ಲ. 2014–15ರಿಂದ 2018–19ರವರೆಗಿನ ಐದು ಹಂಗಾಮುಗಳಲ್ಲಿ ಬೆಂಬಲ ಕಬ್ಬಿನ ಉತ್ಪಾದನೆ ಮೌಲ್ಯದ ಶೇ 10ರ ಮಿತಿ ದಾಟಿದೆ ಅಂತ ತೀರ್ಪು ಕೊಟ್ಟಿತು. ಭಾರತ ಮೇಲ್ಮನವಿ ಸಲ್ಲಿಸಿತು. ಆದರೆ ಮೇಲ್ಮನವಿ ಕೇಳಬೇಕಾದ ಮಂಡಳಿಯೇ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ. ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡ ನಿಂತಿದೆ.

ಈಗ ಯೋಚಿಸಿ. ಕಾರ್ಖಾನೆಯಿಂದ ಬಾಕಿ ಹಣಕ್ಕಾಗಿ ಅಲೆದ ರೈತನ ಮಗಳು ಎಫ್‌ಆರ್‌ಪಿ ಅಂದ್ರೆ ಏನು ಅಂತ ಯಾವ ಪ್ರಾಧ್ಯಾಪಕರಿಗಿಂತಲೂ ಚೆನ್ನಾಗಿ ಬಲ್ಲಳು. ಸಮಿತಿಯ ವರದಿ, ಎಲ್ಲ ದೇಶಗಳ ವಾದ ವಿಶ್ವ ವ್ಯಾಪಾರ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಇಂಗ್ಲಿಷ್‌ನಲ್ಲೇ. ದಾಖಲೆ ಕೈಗೆಟುಕುವಷ್ಟು ದೂರದಲ್ಲಿದೆ.

ವಿಜಯಪುರದ ಒಣದ್ರಾಕ್ಷಿಯೂ ಹಾಗೇ. ಸಾಫ್ಟಾ (ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ) ಒಪ್ಪಂದದಡಿ ಅಫ್ಘಾನಿಸ್ತಾನದಿಂದ ಬರುವ ಒಣದ್ರಾಕ್ಷಿಯಂಥ ಸರಕಿಗೆ ಸುಂಕದ ವಿನಾಯಿತಿ ಇದೆ. ಕಾಬೂಲ್ ಜೊತೆಗಿನ ಸ್ನೇಹಕ್ಕೆ ತಿಕೋಟಾದ ಬೆಳೆಗಾರ ಎಷ್ಟು ಬೆಲೆ ತೆರುತ್ತಾನೆ? ಇದು ಅಂತರರಾಷ್ಟ್ರೀಯ ಸಂಬಂಧಗಳ ಪ್ರಶ್ನೆಯೇ.

ಇನ್ನು ಉಳ್ಳಾಗಡ್ಡಿ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿತು. ಮುಂದಿನ ತಿಂಗಳೇ ದಿಲ್ಲಿಗೆ ಬಂದ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ, ಅಡುಗೆಗೆ ಉಳ್ಳಾಗಡ್ಡಿ ಹಾಕಬೇಡ ಅಂತ ನಮ್ಮ ಅಡುಗೆಯವರಿಗೆ ಹೇಳಿದ್ದೇನೆ, ನಿಲ್ಲಿಸುವ ಮುಂಚೆ ಒಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತು ಅನ್ನುವ ಅರ್ಥದಲ್ಲಿ ವೇದಿಕೆಯ ಮೇಲೆಯೇ ಹೇಳಿದರು. ಕೊಲ್ಹಾರ, ಬಸವನ ಬಾಗೇವಾಡಿ, ಬಾಗಲಕೋಟೆ ರೈತರು ಬೆಳೆಯುವ ಬೆಳೆ ಎರಡು ದೇಶಗಳ ನಡುವಿನ ಮಾತಾಗಿತ್ತು.

ತೊರವಿ ರಸ್ತೆ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೂ ಒಂದು ವಿರೋಧ. ವಿಜಯಪುರದವಳು ಅಂದ ತಕ್ಷಣ ಉಳ್ಳಾಗಡ್ಡಿ, ದ್ರಾಕ್ಷಿ ಬಗ್ಗೆಯೇ ಯಾಕೆ ಬರೆಯಬೇಕು? ದೊಡ್ಡ ಊರಿನ ಮಕ್ಕಳು ಅಣ್ವಸ್ತ್ರ, ಹಿಂದೂ ಮಹಾಸಾಗರ, ವಿಶ್ವಸಂಸ್ಥೆ ಅಂತ ಬರೆಯುತ್ತಾರೆ. ನಾವು ಮಾತ್ರ ನಮ್ಮ ಹೊಲ ದಾಟಬಾರದಾ? ನಾನು ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಿದವಳು. ನಮ್ಮ ತರಗತಿಯಲ್ಲಿ ಪಶ್ಚಿಮ ಏಷ್ಯಾದ ರಾಜಕೀಯವನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಹುಡುಗಿಯರು ಇದ್ದರು. ಅವರಿಗೂ ಹಳ್ಳಿಯ ವಿಷಯ ತಗೋ ಅಂತಲೇ ಸಲಹೆ ಬಂತು. ಇದು ನಮ್ಮ ಆಸೆಯನ್ನು ಚಿಕ್ಕದು ಮಾಡುತ್ತದೆ.

ದಿಲ್ಲಿಯಲ್ಲಿರುವ ಬಾಗಲಕೋಟೆಯವ

ತೊರವಿ ರಸ್ತೆ ಅವರ ಮಾತಿಗೆ ನನ್ನ ಪೂರ್ತಿ ಸಹಮತ ಇದೆ. ಉಪನ್ಯಾಸಕರ ಮಾತೂ ಸುಳ್ಳಲ್ಲ. ನಾನು ಇಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಹಾಗಾಗಿ ಕಂಡದ್ದನ್ನು ಬರೆಯುತ್ತೇನೆ.

ಯಾವ ವಿಷಯ ಬೇಕಾದರೂ ತೆಗೆದುಕೊಳ್ಳಬಹುದು. ಅದಕ್ಕೆ ಬೇಕಾದ ಉಪಕರಣ ನಿಮ್ಮ ಹತ್ತಿರ ಇರಬೇಕು, ಇಲ್ಲವೇ ಹೇಗೆ ಗಳಿಸುತ್ತೀರಿ ಅಂತ ಪ್ರಪೋಸಲ್‌ನಲ್ಲಿ ತೋರಿಸಬೇಕು. ಪ್ರದೇಶ ಅಧ್ಯಯನದಲ್ಲಿ, ಅಂದರೆ ಒಂದು ದೇಶವನ್ನೋ ಭಾಗವನ್ನೋ ಆಳವಾಗಿ ಓದುವಾಗ, ಮುಖ್ಯ ಉಪಕರಣ ಭಾಷೆ. ಇಲ್ಲಿ ವಿಜಯಪುರದವರಿಗೆ ಒಂದು ಬಲ ಇದೆ, ಅದನ್ನು ಯಾರೂ ಗುರುತಿಸುವುದಿಲ್ಲ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು ಓದಿದ ಮಕ್ಕಳು ನಿಮ್ಮಲ್ಲಿ ಎಷ್ಟೊಂದು ಇದ್ದಾರೆ. ಉರ್ದು ಲಿಪಿ ಬಂದವರಿಗೆ ಇರಾನಿನ ಭಾಷೆ ಪಾರ್ಸಿ ಕಲಿಯುವುದು ಉಳಿದವರಿಗಿಂತ ಸುಲಭ. ಎಷ್ಟೋ ಶಬ್ದ ಆಗಲೇ ಪರಿಚಯ ಇರುತ್ತದೆ. ಆದಿಲ್‌ಶಾಹಿ ದರ್ಬಾರಿಗೂ ಇರಾನಿಗೂ ರಾಯಭಾರಿಗಳು ಓಡಾಡಿದ ಊರು ಅದು. 2024ರ ಮೇ ತಿಂಗಳಲ್ಲಿ ಭಾರತ ಇರಾನಿನ ಚಾಬಹಾರ್ ಬಂದರಿನ ಟರ್ಮಿನಲ್ ನಡೆಸಲು ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು. ಅದರ ಬಗ್ಗೆ ಇಲ್ಲಿ ಬರೆಯುವವರಲ್ಲಿ ಬಹಳಷ್ಟು ಜನ ಇರಾನಿನ ಪತ್ರಿಕೆಯನ್ನು ಮೂಲದಲ್ಲಿ ಓದಲಾರರು. ನಿಮ್ಮ ಆ ಗೆಳತಿಯರಲ್ಲಿ ಉರ್ದು ಬಲ್ಲವರು ಪಾರ್ಸಿ ಕಲಿತಿದ್ದರೆ ಓದಬಲ್ಲವರಾಗುತ್ತಿದ್ದರು. ಹೊಲದ ವಿಷಯ ತಗೋ ಅನ್ನುವ ಬದಲು ಪಾರ್ಸಿ ಕಲಿ ಅಂತ ಯಾರಾದರೂ ಅವರಿಗೆ ಹೇಳಬೇಕಿತ್ತು.

ಹಾಗಂತ ಉಳ್ಳಾಗಡ್ಡಿ ಸಣ್ಣ ವಿಷಯ ಅಂದುಕೊಳ್ಳಬೇಡಿ. 2023ರ ಡಿಸೆಂಬರ್ 8ರಂದು ಮತ್ತೆ ರಫ್ತು ನಿಷೇಧ ಬಂತು, 2024ರ ಮೇ 4ರವರೆಗೆ ನಡೆಯಿತು. ನಡುವೆಯೇ ಆರು ದೇಶಗಳಿಗೆ ಮಾತ್ರ ಬಾಗಿಲು ತೆರೆದರು: ಬಾಂಗ್ಲಾದೇಶ, ಯುಎಇ, ಭೂತಾನ್, ಬಹರೈನ್, ಮಾರಿಷಸ್, ಶ್ರೀಲಂಕಾ. ಒಟ್ಟು 99,150 ಟನ್. ಖಾಸಗಿ ವ್ಯಾಪಾರಿಗಳ ಮೂಲಕ ಅಲ್ಲ, ನ್ಯಾಷನಲ್ ಕೋಆಪರೇಟಿವ್ ಎಕ್ಸ್‌ಪೋರ್ಟ್ಸ್ ಲಿಮಿಟೆಡ್ ಅನ್ನುವ ಸಹಕಾರಿ ಸಂಸ್ಥೆಯ ಮೂಲಕ. ಯಾವ ದೇಶಕ್ಕೆ ಯಾಕೆ ಕೊಟ್ಟರು ಅಂತ ಕೇಳಿದ ಕ್ಷಣವೇ ಅದು ವಿದೇಶಾಂಗ ನೀತಿಯ ಸಂಶೋಧನೆ.

ಎಲ್ಲಿ ಅರ್ಜಿ ಹಾಕಬೇಕು ಅನ್ನುವುದಕ್ಕೂ ಉತ್ತರ ಕೊಡುತ್ತೇನೆ. ಜೆಎನ್‌ಯು ಅಂತರರಾಷ್ಟ್ರೀಯ ಅಧ್ಯಯನ ಶಾಲೆ ದೇಶದಲ್ಲೇ ಹಳೆಯದು. 1955ರಲ್ಲಿ ದಿಲ್ಲಿಯ ಸಪ್ರೂ ಹೌಸ್‌ನಲ್ಲಿ ಬೇರೆ ಸಂಸ್ಥೆಯಾಗಿ ಶುರುವಾಗಿ 1970ರಲ್ಲಿ ಜೆಎನ್‌ಯು ಸೇರಿತು. ದಿಲ್ಲಿಯ ಸೌತ್ ಏಷ್ಯನ್ ಯೂನಿವರ್ಸಿಟಿ, ಪುದುಚೇರಿ ವಿಶ್ವವಿದ್ಯಾಲಯ, ಕೋಲ್ಕತ್ತಾದ ಜಾದವಪುರ, ನಮ್ಮದೇ ರಾಜ್ಯದ ಮಣಿಪಾಲದಲ್ಲೂ ಈ ವಿಭಾಗಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗಗಳಲ್ಲೂ ಇಂಥ ವಿಷಯ ತೆಗೆದುಕೊಳ್ಳಬಹುದು, ಗೈಡ್ ಒಪ್ಪಬೇಕು ಅಷ್ಟೇ. ಜೆಆರ್‌ಎಫ್ ಹಣ ನಿಮ್ಮ ಹಿಂದೆಯೇ ಬರುತ್ತದೆ. ದಿಲ್ಲಿಯೇ ಆಗಬೇಕು ಅಂತಿಲ್ಲ.

2024ರಿಂದ ಬಂದ ಬದಲಾವಣೆ ಗಮನದಲ್ಲಿರಲಿ. ಜೆಆರ್‌ಎಫ್ ಸಿಗದಿದ್ದರೂ ನೆಟ್ ಅಂಕದ ಮೇಲೆ ಪಿಎಚ್‌ಡಿ ಪ್ರವೇಶ ಪಡೆಯಬಹುದು. ಪರೀಕ್ಷೆಯ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಜೆಆರ್‌ಎಫ್ ಸಿಗದವರ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದೇ ವರ್ಷ ನಡೆಯುತ್ತದೆ.

ಇಂಡಿ ಓದುಗಿ

ಎಲ್ಲರ ಮಾತು ಓದಿದೆ. ನಮ್ಮದು ಹೊಲದ ಮನೆ. ನಿಂಬೆ ಮತ್ತು ಉಳ್ಳಾಗಡ್ಡಿ. 2023ರ ನಿಷೇಧದ ದಿನಗಳಲ್ಲಿ ಮಾರುಕಟ್ಟೆಯಿಂದ ಅಪ್ಪ ವಾಪಸ್ ಬಂದಾಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅದನ್ನು ನಾನು ಓದುವ ವಿಷಯದ ಜೊತೆ ಯಾವತ್ತೂ ಸೇರಿಸಿ ನೋಡಿರಲಿಲ್ಲ. ಈ ವಿಷಯವನ್ನೇ ತೆಗೆದುಕೊಳ್ಳುವ ಮನಸ್ಸಾಗಿದೆ. ಯಾರೋ ಹೇಳಿದರು ಅಂತ ಅಲ್ಲ, ನನಗೇ ಉತ್ತರ ಬೇಕಾಗಿದೆ. ಎರಡು ಚಿಂತೆ ಇವೆ. ಇಂಗ್ಲಿಷ್ ಬರವಣಿಗೆ ಒಂದು. ಶಿಫಾರಸು ಪತ್ರ ಇನ್ನೊಂದು. ವಿದೇಶದ ವಿಶ್ವವಿದ್ಯಾಲಯಕ್ಕೂ ಪ್ರಯತ್ನ ಮಾಡಬಹುದಾ?

ಗೋಕಾಕದ ಉಪನ್ಯಾಸಕ

ಇಂಗ್ಲಿಷ್ ಬಗ್ಗೆ ನನ್ನ ಅನುಭವ ಇದು. ಮೊದಲು ಇಡೀ ಪ್ರಪೋಸಲ್ ಕನ್ನಡದಲ್ಲಿ ಬರೆಯಿರಿ. ಪ್ರಶ್ನೆ ಕನ್ನಡದಲ್ಲಿ ಸ್ಪಷ್ಟ ಆಗದಿದ್ದರೆ ಇಂಗ್ಲಿಷ್‌ನಲ್ಲಿ ಆಗುವುದಿಲ್ಲ. ನಿಮ್ಮ ತಾಯಿಗೆ ಓದಿ ಹೇಳಿ, ಅವರಿಗೆ ಅರ್ಥವಾದರೆ ಪ್ರಶ್ನೆ ನಿಂತಿದೆ. ಆಮೇಲೆ ಇಂಗ್ಲಿಷ್‌ನಲ್ಲಿ ಹೊಸದಾಗಿ, ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಯಂತ್ರದಿಂದ ಅನುವಾದ ಮಾಡಿಸಿ ಹಾಗೇ ಕಳಿಸಬೇಡಿ. ಸಂದರ್ಶನದಲ್ಲಿ ನಿಮ್ಮದೇ ವಾಕ್ಯವನ್ನು ವಿವರಿಸಿ ಅಂತ ಕೇಳುತ್ತಾರೆ.

ಶಿಫಾರಸು ಪತ್ರದ ವಿಷಯದಲ್ಲಿ ನನ್ನ ವಿದ್ಯಾರ್ಥಿಯೊಬ್ಬನಿಗೆ ಆದದ್ದು ಇನ್ನೂ ಹೊಟ್ಟೆ ಉರಿಸುತ್ತದೆ. ಅವನಿಗೆ ಹಿಂದೆ ಪಾಠ ಮಾಡಿದ್ದ ಹಿರಿಯರೊಬ್ಬರು ಎಲ್ಲರಿಗೂ ಕೊಡುವ ಅದೇ ನಾಲ್ಕು ಸಾಲಿನ ಪತ್ರ ಕೊಟ್ಟರು. ಶಿಸ್ತಿನ ಹುಡುಗ, ನಡತೆ ಒಳ್ಳೆಯದು, ಅಷ್ಟೇ. ಅದು ನಡತೆಯ ಸರ್ಟಿಫಿಕೇಟ್ ಆಯಿತು, ಶಿಫಾರಸು ಆಗಲಿಲ್ಲ. ಅವನ ಪ್ರಬಂಧದ ಬಗ್ಗೆ ಒಂದು ಮಾತಿರಲಿಲ್ಲ. ಹುಡುಗ ಅಷ್ಟು ಕಷ್ಟಪಟ್ಟು ಬರೆದಿದ್ದ ಅರ್ಜಿ ಅದು. ಅದಕ್ಕೇ ನೀವು ಪತ್ರ ಕೇಳುವಾಗ ಒಂದು ಪುಟ ಬರೆದು ಕೊಡಿ. ಅವರ ಬಳಿ ಯಾವ ಪೇಪರ್ ಓದಿದಿರಿ, ಎಂಎ ಪ್ರಬಂಧದಲ್ಲಿ ಏನು ಮಾಡಿದಿರಿ, ಈಗಿನ ಪ್ರಶ್ನೆ ಏನು ಅಂತ. ಕೊನೆಯ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಕೇಳಿ. ದೊಡ್ಡ ಹುದ್ದೆಯವರಿಗಿಂತ ನಿಮ್ಮನ್ನು ಚೆನ್ನಾಗಿ ಬಲ್ಲವರು ಮುಖ್ಯ. ಈ ಸಾಲು ಓದುತ್ತಿರುವ ಉಪನ್ಯಾಸಕರು ಯಾರಾದರೂ ಇದ್ದರೆ ಅವರಲ್ಲೂ ಕೈಮುಗಿದು ಕೇಳುತ್ತೇನೆ. ನಮ್ಮ ಮಕ್ಕಳಿಗೆ ಒಂದು ಗಂಟೆ ಕೂತು ಪತ್ರ ಬರೆದುಕೊಡಿ.

ತೊರವಿ ರಸ್ತೆ

ವಿದೇಶದ ಬಗ್ಗೆ ನಾನು ಹೇಳುತ್ತೇನೆ. ಪ್ರಯತ್ನ ಖಂಡಿತ ಮಾಡಿ. ಅಮೆರಿಕದ ಹಲವು ಪಿಎಚ್‌ಡಿ ಕಾರ್ಯಕ್ರಮಗಳಲ್ಲಿ ಪ್ರವೇಶ ಸಿಕ್ಕರೆ ಶುಲ್ಕ ಮಾಫಿ ಮತ್ತು ತಿಂಗಳ ಭತ್ಯೆ ಒಟ್ಟಿಗೆ ಸಿಗುತ್ತವೆ, ಬದಲಿಗೆ ಪಾಠ ಮಾಡಬೇಕು. ಯುರೋಪಿನ ಹಲವು ದೇಶಗಳಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ. ಐಇಎಲ್‌ಟಿಎಸ್ ಅಥವಾ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ.

ಪರಿಶಿಷ್ಟ ಜಾತಿಯವರು, ಅಲೆಮಾರಿ ಬುಡಕಟ್ಟಿನವರು, ಭೂಮಿ ಇಲ್ಲದ ಕೂಲಿಕಾರರ ಮಕ್ಕಳು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ದಯವಿಟ್ಟು ಸುತ್ತಲಿನವರಿಗೆ ತಿಳಿಸಿ. ಒಂದು ಎಚ್ಚರಿಕೆ. 2022ರಿಂದ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಅದರಲ್ಲಿ ಅವಕಾಶ ಇಲ್ಲ. ಹಾಗಾಗಿ ವಿಷಯದ ಶೀರ್ಷಿಕೆ ಬರೆಯುವ ಮುಂಚೆ ನಿಯಮ ಓದಿ. ಈ ನಿರ್ಬಂಧ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ತನ್ನ ಸಮಾಜದ ಬಗ್ಗೆ ಹೊರಗೆ ಕೂತು ಬರೆಯುವ ಹಕ್ಕು ಮೊದಲು ಈ ಮಕ್ಕಳಿಗೇ ಸಿಗಬೇಕಿತ್ತು.

ಜಮಖಂಡಿಯ ಓದುಗ

ಪೇಪರ್ ಪ್ರಕಟಿಸಿದ್ದರೆ ಮಾತ್ರ ಅರ್ಜಿ ನೋಡುತ್ತಾರೆ ಅಂತ ಒಬ್ಬರು ಹೇಳಿದರು. ಅವರೇ ದುಡ್ಡು ತಗೊಂಡು ಪ್ರಕಟಿಸಿ ಕೊಡುತ್ತಾರಂತೆ.

ಭೂತರಾಮನಹಟ್ಟಿ ಸ್ಕಾಲರ್

ಒಂದು ರೂಪಾಯಿನೂ ಕೊಡಬೇಡಿ. ಪಿಎಚ್‌ಡಿ ಸಲ್ಲಿಸುವ ಮುಂಚೆ ಪೇಪರ್ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನೇ ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ಅಂಥದ್ದರಲ್ಲಿ ಪ್ರವೇಶಕ್ಕೆ ಯಾಕೆ ಬೇಕು? ನಮ್ಮ ಪತ್ರಿಕೆ ಕೇರ್ ಪಟ್ಟಿಯಲ್ಲಿದೆ (ಯುಜಿಸಿ ಗುರುತಿಸಿದ ಸಂಶೋಧನಾ ಪತ್ರಿಕೆಗಳ ಪಟ್ಟಿ) ಅಂತ ಕೆಲವರು ನಂಬಿಸುತ್ತಾರೆ. ಆ ಪಟ್ಟಿಯನ್ನೂ ಯುಜಿಸಿ ನಿಲ್ಲಿಸಿದೆ. ದುಡ್ಡು ಕೊಟ್ಟು ಪ್ರಕಟವಾದ ಪೇಪರ್ ಒಳ್ಳೆಯ ಸಮಿತಿಯ ಮುಂದೆ ನಿಮ್ಮ ಹೆಸರನ್ನೇ ಕೆಡಿಸುತ್ತದೆ.

ಓದುವುದಕ್ಕೂ ದುಡ್ಡು ಬೇಕಿಲ್ಲ ಈಗ. ಒಂದು ದೇಶ ಒಂದು ಚಂದಾ ಯೋಜನೆ 2025ರ ಜನವರಿಯಿಂದ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ತೆರೆದಿವೆ. ನಿಮ್ಮ ಹಳೆಯ ವಿಭಾಗದ ಲೈಬ್ರರಿಗೆ ಹೋಗಿ ಕೇಳಿ. ಹಿಂದೆ ಇದೇ ವಿಷಯದಲ್ಲಿ ಯಾರು ಪಿಎಚ್‌ಡಿ ಮಾಡಿದ್ದಾರೆ ಅಂತ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಹುಡುಕಿ. ಲೋಕಸಭೆಯ ಪ್ರಶ್ನೋತ್ತರ, ವಿದೇಶಾಂಗ ಸ್ಥಾಯಿ ಸಮಿತಿಯ ವರದಿ, ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅಧಿಸೂಚನೆ ಎಲ್ಲವೂ ಮೊಬೈಲ್‌ನಲ್ಲೇ ಸಿಗುತ್ತವೆ.

ಇಂಡಿ ಓದುಗಿ

ಹೇಳಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಮೊದಲ ಪ್ಯಾರಾ ಇಲ್ಲಿ ಹಾಕುತ್ತೇನೆ, ತಿದ್ದಿ.

"ಭಾರತ 2019, 2020 ಮತ್ತು 2023ರಲ್ಲಿ ಉಳ್ಳಾಗಡ್ಡಿ ರಫ್ತು ನಿಷೇಧಿಸಿತು. ಮೂರು ಸಲವೂ ಕಾರಣ ದೇಶದೊಳಗಿನ ಬೆಲೆ. ಆದರೆ 2023ರ ನಿಷೇಧದಲ್ಲಿ ಆರು ದೇಶಗಳಿಗೆ ಸರ್ಕಾರದ ಮಟ್ಟದಲ್ಲಿ ವಿನಾಯಿತಿ ಸಿಕ್ಕಿತು. ಆಹಾರದ ಬೆಲೆ ತಡೆಯುವ ಕ್ರಮ ಬೇರೆ ದೇಶಗಳ ಜೊತೆಗಿನ ಸಂಬಂಧದ ಸಾಧನವಾಗಿ ಹೇಗೆ ಬದಲಾಯಿತು ಅನ್ನುವುದು ಈ ಅಧ್ಯಯನದ ಪ್ರಶ್ನೆ. ಸ್ನೇಹದ ದೇಶಗಳಿಗೆ ಮಾತ್ರ ವಿನಾಯಿತಿ ಸಿಕ್ಕಿದೆ ಅನ್ನುವುದು ನನ್ನ ಊಹೆ."

ದಿಲ್ಲಿಯಲ್ಲಿರುವ ಬಾಗಲಕೋಟೆಯವ

ಇದು ಪ್ರಶ್ನೆ. ನಿಜವಾಗಿ ಖುಷಿ ಆಯಿತು. ಈಗ ಎರಡು ಕಡೆ ಗಟ್ಟಿ ಮಾಡಿ.

ಒಂದು, ಬಾಂಗ್ಲಾದೇಶದ ಕಡೆಯಿಂದಲೂ ನೋಡಿ. 2019ರಲ್ಲಿ ಅವರು ಬೇರೆ ದೇಶಗಳಿಂದ ವಿಮಾನದಲ್ಲಿ ಉಳ್ಳಾಗಡ್ಡಿ ತರಿಸಿಕೊಂಡರು. ನಿಷೇಧದಿಂದ ಭಾರತ ಒಂದು ಮಾರುಕಟ್ಟೆಯ ನಂಬಿಕೆ ಕಳೆದುಕೊಂಡಿತಾ ಅಂತ ಕೇಳಬಹುದು. ಢಾಕಾದ ಇಂಗ್ಲಿಷ್ ಪತ್ರಿಕೆಗಳು ಆನ್‌ಲೈನ್‌ನಲ್ಲಿವೆ, ಬಂಗಾಳಿ ಬರದಿದ್ದರೂ ಶುರು ಮಾಡಬಹುದು.

ಎರಡು, ನಿಮ್ಮ ಊಹೆಗೆ ಒಂದು ದೇಶ ಅಡ್ಡ ಬರುತ್ತದೆ. ಮಾಲ್ಡೀವ್ಸ್. ಭಾರತದ ಜೊತೆಗಿನ 1981ರ ಒಪ್ಪಂದದ ಪ್ರಕಾರ ಅವರಿಗೆ ಪ್ರತಿ ವರ್ಷ ಅಕ್ಕಿ, ಸಕ್ಕರೆ, ಉಳ್ಳಾಗಡ್ಡಿಯಂಥ ಸಾಮಾನುಗಳ ಪಾಲು ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಇಲ್ಲಿ ನಿಷೇಧ ಜಾರಿಯಲ್ಲಿತ್ತು. ಅಲ್ಲಿ ಅಧ್ಯಕ್ಷ ಮುಯಿಝು ಅವರ ಸರ್ಕಾರ ಭಾರತದ ಸೈನಿಕರನ್ನು ಮೇ 10ರೊಳಗೆ ವಾಪಸ್ ಕರೆಸಿಕೊಳ್ಳಿ ಅಂತ ಗಡುವು ಕೊಟ್ಟಿತ್ತು. ಅದೇ ಸಮಯದಲ್ಲಿ ಭಾರತ 1981ರಿಂದ ಈಚೆಗಿನ ಅತಿ ದೊಡ್ಡ ಪ್ರಮಾಣದ ಪಾಲು ಮಂಜೂರು ಮಾಡಿತು. ಸ್ನೇಹ ಇದ್ದವರಿಗೆ ಮಾತ್ರ ಕೊಟ್ಟರು ಅಂದರೆ ಮಾಲ್ಡೀವ್ಸ್‌ಗೆ ಯಾಕೆ ಕೊಟ್ಟರು? ಹಳೆಯ ಒಪ್ಪಂದದ ಬಲವಾ, ಮುನಿದವರನ್ನು ಒಲಿಸುವ ಯತ್ನವಾ? ಸಂದರ್ಶನದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಪ್ರಪೋಸಲ್‌ನ ಎರಡನೇ ಪ್ಯಾರಾದಲ್ಲಿ ನೀವೇ ಎತ್ತಿ. ಬರೆದು ಇಲ್ಲಿ ಹಾಕಿ, ಓದುತ್ತೇನೆ.